ಟೆನಿಸ್ ಆಡಿಸುತ್ತಾ ಲೆಕ್ಕ ಕಲಿಸುವುದು ಹೇಗೆ: ಕರಾವಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಟೆನಿಸ್‌ನಲ್ಲಿ ಲೆಕ್ಕ ತಪ್ಪಿದರೆ ಮುಂದಿನ ಸರ್ವ್ (ಪಾಯಿಂಟ್ ಶುರು ಮಾಡುವ ಹೊಡೆತ) ಯಾವ ಕಡೆಯಿಂದ ಹೊಡೆಯಬೇಕು ಎನ್ನುವುದೇ ಗೊತ್ತಾಗುವುದಿಲ್ಲ. ಆಟ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಮಕ್ಕಳಿಗೆ ಗಣಿತ ಕಲಿಸಲು ಈ ಆಟ ಇಷ್ಟು ಚೆನ್ನಾಗಿ ಒದಗುವುದು ಇದೇ ಕಾರಣಕ್ಕೆ. ಕೂಡುವುದು, ಕಳೆಯುವುದು, ಸಮ-ಬೆಸ, ಅಳತೆ, ಭಿನ್ನರಾಶಿ ಎಲ್ಲವೂ ಆಟದ ಒಳಗೇ ಇವೆ. ನಾವು ಹೊರಗಿನಿಂದ ತುರುಕಬೇಕಾಗಿಲ್ಲ.

ಆದರೆ ತುರುಕುವ ಅಭ್ಯಾಸವೇ ಜಾಸ್ತಿ. ಮಗುವಿನ ಕೈಗೆ ಬ್ಯಾಟ್ ಕೊಟ್ಟು, "ಏಳೆಂಟ್ಲ ಎಷ್ಟು? ಸರಿ ಹೇಳಿದರೆ ಮಾತ್ರ ಹೊಡಿ" ಎನ್ನುತ್ತೇವೆ. ಅಲ್ಲಿ ಲೆಕ್ಕಕ್ಕೂ ಆಟಕ್ಕೂ ಸಂಬಂಧವೇ ಇಲ್ಲ. ಮಗುವಿಗೆ ಲೆಕ್ಕ ಎಂದರೆ ಆಟಕ್ಕೆ ಅಡ್ಡ ಬರುವ ವಸ್ತು ಎಂದು ಅನಿಸಿಬಿಡುತ್ತದೆ. ಹಾಗಾಗಿ ಯಾವ ಚಟುವಟಿಕೆ ಮಾಡಿಸುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಲೆಕ್ಕವನ್ನು ತೆಗೆದುಹಾಕಿದರೆ ಆಟ ಮುಂದುವರಿಯುತ್ತದಾ? ಮುಂದುವರಿಯುತ್ತದೆ ಎಂದಾದರೆ ಆ ಚಟುವಟಿಕೆ ಬೇಡ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಅಳತೆಯಿಂದಲೇ ಆರಿಸಿದ್ದೇನೆ.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಟೆನಿಸ್ ಎಂದ ಕೂಡಲೇ ದುಬಾರಿ ರಾಕೆಟ್, ಕ್ಲಬ್ಬು, ಬಿಳಿ ಬಟ್ಟೆ ನೆನಪಾಗುತ್ತದೆ ಅಲ್ವಾ? ಅದು ಯಾವುದೂ ಬೇಡ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡದ ಊರಿಲ್ಲ. ಅವರು ಆಡಿ ಬಿಟ್ಟ, ರೋಮ ಉದುರಿದ ಟೆನಿಸ್ ಬಾಲ್ ಕೇಳಿದರೆ ಕೊಡುತ್ತಾರೆ. ಹಳೆಯದಾದಷ್ಟೂ ಒಳ್ಳೆಯದು. ಪುಟಿತ ಕಡಿಮೆ ಇರುತ್ತದೆ, ಮಗುವಿಗೆ ಹೊಡೆಯಲು ಸಮಯ ಸಿಗುತ್ತದೆ. ಒಂದು, ಎರಡನೇ ತರಗತಿಗೆ ಸ್ಪಂಜಿನ ಬಾಲ್ ಇನ್ನೂ ಉತ್ತಮ. ಹೆಂಚಿನ ಮಾಡಿನ ಶಾಲೆಯಾದರೆ ಎಲ್ಲ ತರಗತಿಗೂ ಸ್ಪಂಜಿನದೇ ಇರಲಿ.

ಸಣ್ಣ ಮಕ್ಕಳಿಗೆ ನಿಧಾನದ ಬಾಲ್ ಕೊಡುವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಉಪಾಯ ಅಲ್ಲ. 2012ರಿಂದ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ನಿನ ನಿಯಮವೇ ಹಾಗಿದೆ. 10 ವರ್ಷದೊಳಗಿನವರ ಸ್ಪರ್ಧೆಯಲ್ಲಿ ಮಾಮೂಲಿ ಹಳದಿ ಬಾಲ್ ಬಳಸುವಂತಿಲ್ಲ. ಬದಲಿಗೆ ಮೂರು ಬಣ್ಣದ ಬಾಲ್‌ಗಳಿವೆ. ಹಸಿರು ಗುರುತಿನದು ಹಳದಿಗಿಂತ ಕಾಲು ಭಾಗ ನಿಧಾನ, ಕಿತ್ತಳೆಯದು ಅರ್ಧ, ಕೆಂಪಿನದು ಮುಕ್ಕಾಲು ಭಾಗ ನಿಧಾನ. ಕಾಲು, ಅರ್ಧ, ಮುಕ್ಕಾಲು ಕಲಿಸುವಾಗ ಈ ಮೂರು ಬಣ್ಣಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳಿಗೆ ಕೂಡಲೇ ತಲೆಗೆ ಹೋಗುತ್ತದೆ.

ಬ್ಯಾಟಿಗೆ ಪ್ಲೈವುಡ್ ತುಂಡು ಸಾಕು. ಬಡಗಿಯವರಲ್ಲಿ ಹೇಳಿದರೆ ಹಿಡಿ ಸಹಿತ ಕೊಯ್ದು, ಅಂಚು ಉಜ್ಜಿ ಕೊಡುತ್ತಾರೆ. ಒಣಗಿದ ಅಡಿಕೆ ಹಾಳೆಯನ್ನು ಎರಡು ಪದರ ಸೇರಿಸಿ ಹೊಲಿದರೆ ಒಂದನೇ ತರಗತಿಯ ಮಕ್ಕಳ ಕೈಗೆ ಹಗುರವಾದ ಬ್ಯಾಟ್ ಆಯಿತು. ರಾಕೆಟ್ ಕೊಳ್ಳಲು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ದುಡ್ಡು ಕೊಟ್ಟರೆ 21ರಿಂದ 25 ಇಂಚಿನವು ತನ್ನಿ. ದೊಡ್ಡವರದು 27 ಇಂಚು, ಮಕ್ಕಳ ಕೈಗೆ ಅದು ಭಾರ.

ನೆಟ್ಟಿಗೆ ಮಲ್ಪೆ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಹಳೇ ಬಲೆಯ ತುಂಡು ಸಿಗುತ್ತದೆ. ಮೀನುಗಾರರ ಮನೆಯ ಮಕ್ಕಳಿದ್ದರೆ ಅವರೇ ತರುತ್ತಾರೆ, ಹರಿದ ಕಡೆ ನೇಯ್ದೂ ಕೊಡುತ್ತಾರೆ. ಬಲೆ ಸಿಗದಿದ್ದರೆ ಬಾವಿ ಹಗ್ಗ ಕಟ್ಟಿ, ಅದರ ಮೇಲೆ ಹಳೇ ಲುಂಗಿ ಇಳಿಬಿಡಿ. ಎತ್ತರ 80 ಸೆಂಟಿಮೀಟರ್ ಇರಲಿ.

ಹಂತ 2: ಅಂಕಣವನ್ನು ಮಕ್ಕಳೇ ಅಳೆದು ಹಾಕಲಿ

ಇಲ್ಲಿ ಅವಸರ ಬೇಡ. ಎರಡು ಪಿರಿಯಡ್ ಇದಕ್ಕೇ ಹೋದರೂ ನಷ್ಟವಿಲ್ಲ. ನಾಲ್ಕು, ಐದನೇ ತರಗತಿಯ ಅರ್ಧ ಪಾಠ ಇದರಲ್ಲೇ ಇದೆ. ದೈಹಿಕ ಶಿಕ್ಷಕರು ಮೊದಲೇ ಗೆರೆ ಎಳೆದಿಟ್ಟರೆ ಆ ಪಾಠ ಕೈತಪ್ಪುತ್ತದೆ. ಅವರಿಗೆ ಮೊದಲೇ ಹೇಳಿಡಿ.

ಅಳತೆ 12 ಮೀಟರ್ ಉದ್ದ, 6 ಮೀಟರ್ ಅಗಲ. ಕೆಂಪು ಬಾಲಿನ ಮಕ್ಕಳ ಕೋರ್ಟಿಗೆ ಇಷ್ಟೇ ಸಾಕು. ಈ ಅಳತೆಯನ್ನು ಆರಿಸಲು ಇನ್ನೊಂದು ಕಾರಣವೂ ಇದೆ. ನಡುವೆ ನೆಟ್ ಕಟ್ಟಿದರೆ ಎರಡು ಕಡೆಯೂ 6 ಮೀಟರಿನ ಚೌಕಗಳಾಗುತ್ತವೆ.

ಮೊದಲು ಅಂದಾಜು ಮಾಡಿಸಿ. "ಈ ಮಾವಿನ ಮರದಿಂದ 12 ಮೀಟರ್ ಎಲ್ಲಿವರೆಗೆ ಬರ್ತದೆ?" ಎಂದು ಕೇಳಿ, ಪ್ರತಿ ಮಗುವೂ ತನಗೆ ತೋಚಿದಲ್ಲಿ ಹೋಗಿ ನಿಲ್ಲಲಿ. ಆಮೇಲೆ ಟೇಪ್ ಹಿಡಿಯಿರಿ. ಯಾರು ಎಷ್ಟು ಹೆಚ್ಚು, ಎಷ್ಟು ಕಡಿಮೆ ನಿಂತರು ಎಂದು ಕಳೆದು ಬರೆದುಕೊಳ್ಳಲಿ. ಅಂದಾಜು ಮಾಡದೆ ಅಳೆದ ಮಗುವಿಗೆ ಮೀಟರ್ ಎಂದರೆ ಪುಸ್ತಕದ ಪದ ಮಾತ್ರ.

ಈಗ ಮೂಲೆ. ನೇರ ಮೂಲೆ ಸಿಗುವುದೇ ಕಷ್ಟದ ಕೆಲಸ. 12 ಮೀಟರಿಗಿಂತ ಸ್ವಲ್ಪ ಉದ್ದದ ಹಗ್ಗ ತೆಗೆದುಕೊಳ್ಳಿ. ಪ್ರತಿ ಮೀಟರಿಗೆ ಒಂದು ಬಣ್ಣದ ನೂಲು ಕಟ್ಟಿಸಿ. ಗಂಟು ಹಾಕಬೇಡಿ, ಗಂಟು ಹಾಕಿದರೆ ಹಗ್ಗ ಗಿಡ್ಡ ಆಗಿ ಲೆಕ್ಕ ಕೆಡುತ್ತದೆ. ಸೊನ್ನೆ ಮತ್ತು 12ನೇ ಗುರುತನ್ನು ಒಂದು ಮಗು ಒಟ್ಟಿಗೆ ಹಿಡಿಯಲಿ. 3ನೇ ಗುರುತನ್ನು ಇನ್ನೊಂದು ಮಗು, 7ನೇ ಗುರುತನ್ನು ಮತ್ತೊಂದು ಮಗು ಹಿಡಿದು ಮೂವರೂ ಬಿಗಿಯಾಗಿ ಎಳೆಯಲಿ. ಬದಿಗಳು 3, 4, 5 ಮೀಟರ್ ಆಗುತ್ತವೆ. 3ನೇ ಗುರುತು ಹಿಡಿದ ಮಗು ನಿಂತಲ್ಲಿ ಲಂಬಕೋನ ಬಂತು. ನಮ್ಮೂರಿನ ಮೇಸ್ತ್ರಿಗಳು ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ಮೂಲೆ ಇಡುವುದೂ ಹೀಗೇ. ತಂದೆಯೋ ಮಾವನೋ ಗಾರೆ ಕೆಲಸಕ್ಕೆ ಹೋಗುವ ಮಗು ಇದ್ದರೆ ಈ ಕೆಲಸದ ಮುಂದಾಳತ್ವ ಅವನಿಗೋ ಅವಳಿಗೋ ಕೊಡಿ.

ನಾಲ್ಕು ಮೂಲೆ ಆದ ಮೇಲೆ ಕರ್ಣಗಳನ್ನು ಅಳೆಯಿರಿ. ಎರಡೂ ಸಮ ಬರಬೇಕು, ಸುಮಾರು 13 ಮೀಟರ್ 42 ಸೆಂಟಿಮೀಟರ್. ಒಂದು ಉದ್ದ, ಒಂದು ಗಿಡ್ಡ ಬಂದರೆ ಆಯತ ವಾಲಿದೆ ಎಂದರ್ಥ. ಎಲ್ಲಿ ವಾಲಿದೆ ಎಂದು ನೀವು ಹೇಳಬೇಡಿ, ಅವರೇ ಹುಡುಕಲಿ.

ಗೆರೆಗೆ ಸುಟ್ಟ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ರಂಗೋಲಿ ಪುಡಿ ಒಳ್ಳೆಯದು. ಕೆಂಪು ಮಣ್ಣಿನ ಮೇಲೆ ಕೋಲಿನಿಂದ ಗೀರಿ, ಆ ಗೀರಿನೊಳಗೆ ಪುಡಿ ಬಿಟ್ಟರೆ ಗಾಳಿಗೆ ಬೇಗ ಹೋಗುವುದಿಲ್ಲ. ಕೊನೆಗೆ ಅಂಕಣದ ಉದ್ದಕ್ಕೆ ನಟ್ಟ ನಡುವೆ ಒಂದು ಗೆರೆ ಎಳೆಯಿರಿ. ಈಗ ನೆಟ್ ಮತ್ತು ಈ ಗೆರೆ ಸೇರಿ ಅಂಕಣ ನಾಲ್ಕು ಭಾಗ ಆಯಿತು. ಒಂದೊಂದು ಭಾಗ 3 ಮೀಟರಿಗೆ 6 ಮೀಟರ್. ಸರ್ವ್ ಮೂಲೆಯಿಂದ ಮೂಲೆಗೆ, ಎದುರಿನ ಕಾಲು ಭಾಗದೊಳಗೆ ಬೀಳಬೇಕು. ಕಾಲು ಭಾಗ ಎಂದರೆ ಎಷ್ಟು ಜಾಗ ಎನ್ನುವುದು ಆಗ ಕಾಲಿಗೇ ಗೊತ್ತಾಗುತ್ತದೆ.

ಐದನೇ ತರಗತಿಗೆ ಇಲ್ಲೊಂದು ಒಳ್ಳೆಯ ಪ್ರಶ್ನೆ ಇದೆ. ಇಡೀ ಅಂಕಣದ ವಿಸ್ತೀರ್ಣ 72 ಚದರ ಮೀಟರ್, ಸುತ್ತಳತೆ 36 ಮೀಟರ್. ನೆಟ್ ಕಟ್ಟಿದ ಮೇಲೆ ಒಂದು ಕಡೆಯ ವಿಸ್ತೀರ್ಣ ಎಷ್ಟು? 36, ಸರಿಯಾಗಿ ಅರ್ಧ. ಹಾಗಾದರೆ ಸುತ್ತಳತೆ? ಹೆಚ್ಚಿನ ಮಕ್ಕಳು 18 ಎನ್ನುತ್ತಾರೆ. "ನಡೆದು ನೋಡಿ" ಎನ್ನಿ. ನಡೆದರೆ 24 ಬರುತ್ತದೆ. ಎರಡು ಅರ್ಧ ಸೇರಿದರೆ 48, ಇಡೀ ಅಂಕಣ ಮಾತ್ರ 36. ಆ ಹೆಚ್ಚಿನ 12 ಮೀಟರ್ ಎಲ್ಲಿಂದ ಬಂತು? ನೆಟ್ಟಿನ ಪಕ್ಕ ಎರಡು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಸುತ್ತಿ ಬರಲಿ. ಇಬ್ಬರೂ ನೆಟ್ಟಿನ ಉದ್ದಕ್ಕೆ ನಡೆಯುತ್ತಾರೆ. 6 ಮೀಟರ್ ಎರಡು ಸಲ ಲೆಕ್ಕಕ್ಕೆ ಬಂತು. ವಿಸ್ತೀರ್ಣಕ್ಕೂ ಸುತ್ತಳತೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ದಾರಿ ನನಗೆ ಬೇರೆ ಸಿಕ್ಕಿಲ್ಲ.

ಮಣಿಪಾಲಕ್ಕೋ ಮಂಗಳೂರಿಗೋ ಹೋದಾಗ ನಿಜವಾದ ಕೋರ್ಟ್ ತೋರಿಸಲು ಅನುಮತಿ ಸಿಕ್ಕಿದರೆ ಟೇಪ್ ಜೊತೆಗೆ ಒಯ್ಯಿರಿ. ಆ ಅಳತೆಗಳು ಅಡಿಯಲ್ಲಿ ಸರಳವಾಗಿವೆ. ಉದ್ದ 78 ಅಡಿ. ನೆಟ್ಟಿನಿಂದ ಹಿಂದಿನ ಗೆರೆಗೆ 39, ಅದರಲ್ಲಿ ಸರ್ವ್ ಗೆರೆಗೆ 21, ಉಳಿದದ್ದು 18. ಒಬ್ಬೊಬ್ಬರು ಆಡುವಾಗ ಅಗಲ 27 ಅಡಿ, ಜೋಡಿಯಾಗಿ ಆಡುವಾಗ ಎರಡು ಬದಿಗೂ ನಾಲ್ಕೂವರೆ ಅಡಿ ಸೇರಿ 36. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ 3 ಅಡಿ.

ಹಂತ 3: ಒಂದು, ಎರಡನೇ ತರಗತಿಯವರಿಗೆ ಎಣಿಕೆ

ಇವರಿಗೆ ನೆಟ್ ಬೇಡ, ಸ್ಕೋರೂ ಬೇಡ. ಇಬ್ಬಿಬ್ಬರು ಎದುರುಬದುರು ನಿಂತು ಬಾಲ್ ನೆಲಕ್ಕೆ ಒಮ್ಮೆ ಪುಟಿಸಿ ಒಬ್ಬರಿಗೊಬ್ಬರು ಕೊಡಲಿ. ಒಂದೊಂದು ಸಲಕ್ಕೂ ಎಣಿಸಲಿ. ಬಾಲ್ ಕೈ ತಪ್ಪಿದರೆ ಎಷ್ಟಕ್ಕೆ ತಪ್ಪಿತೋ ಅಷ್ಟು ಹುಣಸೆ ಬೀಜ ಡಬ್ಬಿಗೆ ಹಾಕಬೇಕು. ಮುಂದಿನ ಸಲ ಅಷ್ಟಕ್ಕಿಂತ ಒಂದಾದರೂ ಜಾಸ್ತಿ ಆಗಬೇಕು. ಮೊದಲಿನ ಸಂಖ್ಯೆ ನೆನಪಿಲ್ಲದಿದ್ದರೆ ಗೆದ್ದೆವೋ ಸೋತೆವೋ ಗೊತ್ತಾಗುವುದಿಲ್ಲ, ಹಾಗಾಗಿ ಬೀಜ ಎಣಿಸಲೇಬೇಕು.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಆಟದ ಭರದಲ್ಲಿ ಅದೇ ಭಾಷೆಯಲ್ಲಿ ಎಣಿಸುತ್ತಾರೆ. ಒಂಜಿ, ರಡ್ಡ್, ಮೂಜಿ ಎನ್ನಲಿ ಬಿಡಿ, ತಡೆಯಬೇಡಿ. ಸ್ಲೇಟಿನಲ್ಲಿ ಬರೆಯುವಾಗ ಕನ್ನಡಕ್ಕೆ ಬಂದರಾಯಿತು.

ಎರಡನೇ ತರಗತಿಯ ಕೊನೆಗೆ ಮತ್ತು ಮೂರಕ್ಕೆ ಸ್ಥಾನಬೆಲೆಯ ಆಟ. ಎದುರಿನ 6 ಮೀಟರ್ ಚೌಕವನ್ನು ಅಡ್ಡಕ್ಕೆ ಎರಡೆರಡು ಮೀಟರಿನ ಮೂರು ಪಟ್ಟಿ ಮಾಡಿ. ನೆಟ್ಟಿನ ಹತ್ತಿರದ್ದು ಬಿಡಿ, ನಡುವಿನದು ಹತ್ತು, ಹಿಂದಿನದು ನೂರು. ಒಂದು ಗುಂಪಿಗೆ 20 ಹೊಡೆತ. ಎಲ್ಲಿ ಮೊದಲು ಬಿತ್ತೋ ಅಲ್ಲಿ ಒಂದು ಬೀಜ. ನೂರರಲ್ಲಿ 3, ಹತ್ತರಲ್ಲಿ 4, ಬಿಡಿಯಲ್ಲಿ 13 ಬಿದ್ದವು ಎಂದುಕೊಳ್ಳಿ. ಬಿಡಿಯಲ್ಲಿ 13 ಬರೆಯುವಂತಿಲ್ಲ. ಹತ್ತು ಬೀಜ ತೆಗೆದು, ಬದಲಿಗೆ ಹತ್ತರ ಪಟ್ಟಿಯಲ್ಲಿ ಒಂದು ಬೀಜ ಇಡಬೇಕು. ಆಗ 353. ಕೂಡುವಾಗ "ಕೈಯಲ್ಲಿ ಒಂದು" ಎನ್ನುತ್ತೇವಲ್ಲ, ಅದು ಏನೆಂದು ಮಗು ಇಲ್ಲಿ ಕಣ್ಣಾರೆ ನೋಡುತ್ತದೆ.

ಹಂತ 4: ಮಗ್ಗಿಯ ರ‍್ಯಾಲಿ

ಇಬ್ಬರು ನೆಟ್ಟಿನ ಆಚೆ ಈಚೆ ಬಾಲ್ ಹೊಡೆಯುತ್ತಾ ಹೋಗುವುದಕ್ಕೆ ರ‍್ಯಾಲಿ ಎನ್ನುತ್ತಾರೆ. ಮೂರನೇ ತರಗತಿಯವರು ಇದನ್ನು ಮಗ್ಗಿಯಲ್ಲಿ ಎಣಿಸಲಿ. ನಾಲ್ಕರ ಮಗ್ಗಿಯಾದರೆ ಮೊದಲ ಹೊಡೆತಕ್ಕೆ 4, ಎರಡನೆಯದಕ್ಕೆ 8, ಮತ್ತೆ 12. ಇಷ್ಟೇ ಮಾಡಿಸಿದರೆ ಇದು ಬರೀ ಬಾಯಿಪಾಠ. ಇದಕ್ಕೊಂದು ಸಣ್ಣ ನಿಯಮ ಸೇರಿಸಿ: ಅಂಕ ಸಿಗುವುದು ಹೊಡೆತಕ್ಕೆ, ಆದರೆ ಹೊಡೆತವನ್ನು ಯಾರೂ ಬೇರೆ ಎಣಿಸುವಂತಿಲ್ಲ. ಬಾಲ್ ತಪ್ಪಿದಾಗ ಬಾಯಲ್ಲಿದ್ದ ಸಂಖ್ಯೆ 36. ಹಾಗಾದರೆ ಎಷ್ಟು ಹೊಡೆತ? ಮಗ್ಗಿಯಲ್ಲಿ ಹಿಂದಕ್ಕೆ ಹೋಗಿ 9 ಎಂದು ಕಂಡುಹಿಡಿದರೆ ಮಾತ್ರ ಅಂಕ ಬರೆಯಬಹುದು. ಮಗ್ಗಿಯ ಜೊತೆಗೆ ಭಾಗಾಕಾರವೂ ಬಂತು.

ಎದುರಿನ ಗುಂಪು ಏಳರ ಮಗ್ಗಿ ಆಡಿ 42ಕ್ಕೆ ನಿಂತರೆ ಯಾರು ಗೆದ್ದರು? 42 ದೊಡ್ಡದು, ಆದರೆ ಹೊಡೆತ ಆರೇ. ಈ ಜಗಳ ಆಗಲಿ ಬಿಡಿ. ಮಕ್ಕಳು ತಾವಾಗಿಯೇ ಬಗೆಹರಿಸಿಕೊಳ್ಳುತ್ತಾರೆ, ಅಲ್ಲಿವರೆಗೆ ಕಾಯುವ ತಾಳ್ಮೆ ನಮಗೆ ಬೇಕು.

ಹಂತ 5: ಸ್ಕೋರ್

ಇದು ಈ ಮಾರ್ಗದರ್ಶಿಯ ತಿರುಳು. ನಾಲ್ಕು, ಐದನೇ ತರಗತಿಗೆ.

ಟೆನಿಸ್‌ನಲ್ಲಿ ಮೊದಲ ಪಾಯಿಂಟಿಗೆ 15, ಎರಡನೆಯದಕ್ಕೆ 30, ಮೂರನೆಯದಕ್ಕೆ 40 ಎನ್ನುತ್ತಾರೆ. ನಾಲ್ಕನೆಯದು ಬಂದರೆ ಗೇಮ್ ಗೆದ್ದ ಹಾಗೆ, ಆದರೆ ಎದುರಿನವರಿಗಿಂತ ಎರಡು ಪಾಯಿಂಟ್ ಮುಂದಿರಬೇಕು. ಇಬ್ಬರಿಗೂ 40 ಆದರೆ ಅದು ಡ್ಯೂಸ್. ಅಲ್ಲಿಂದ ಒಂದು ಪಾಯಿಂಟ್ ಗೆದ್ದವರಿಗೆ ಅಡ್ವಾಂಟೇಜ್, ಇನ್ನೊಂದೂ ಗೆದ್ದರೆ ಗೇಮ್.

ಮಕ್ಕಳು ಮೊದಲು ಎಡವುವುದು ಇಲ್ಲೇ. 40-15 ಎಂದರೆ 25 ಪಾಯಿಂಟ್ ಮುಂದೆ ಎಂದುಕೊಳ್ಳುತ್ತಾರೆ. ಅದಕ್ಕೇ ನೇರವಾಗಿ ಈ ಸ್ಕೋರಿಗೆ ಹೋಗಬೇಡಿ. ಮೊದಲ ವಾರ 1, 2, 3 ಎಂದೇ ಆಡಲಿ. ಎರಡನೇ ವಾರ 15, 30, 45, 60 ಎಂದು ಆಡಿಸಿ, ಪಕ್ಕದಲ್ಲಿ ಒಂದು ರಟ್ಟಿನ ಗಡಿಯಾರ ಇಡಿ. ಪ್ರತಿ ಪಾಯಿಂಟಿಗೆ ಮುಳ್ಳು ಕಾಲು ಗಂಟೆ ತಿರುಗಲಿ. ಪೂರ್ತಿ ಸುತ್ತು ಆದರೆ ಗೇಮ್. ಹದಿನೈದರ ಮಗ್ಗಿಯೂ, ಕಾಲು-ಅರ್ಧ-ಮುಕ್ಕಾಲು ಗಂಟೆಯೂ ಒಟ್ಟಿಗೆ ಬರುತ್ತವೆ. ಮೂರನೇ ವಾರ 45ರ ಬದಲು 40 ಎನ್ನಿ. "ಇದು ಮೂರನೇ ಪಾಯಿಂಟಿನ ಹೆಸರು ಅಷ್ಟೇ" ಎಂದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ.

ಈಗ ಸಮ-ಬೆಸ. ಪ್ರತಿ ಗೇಮಿನ ಮೊದಲ ಸರ್ವ್ ಅಂಕಣದ ಬಲಗಡೆಯಿಂದ. ಮುಂದಿನದು ಎಡಗಡೆಯಿಂದ, ಮತ್ತೆ ಬಲ. ಅಂದರೆ ಆ ಗೇಮಿನಲ್ಲಿ ಆಗಿರುವ ಪಾಯಿಂಟ್‌ಗಳ ಮೊತ್ತ ಸಮ ಆದರೆ ಬಲ, ಬೆಸ ಆದರೆ ಎಡ. ಇದನ್ನು ನೀವು ಹೇಳಿಕೊಡಬೇಡಿ. ಎರಡು ಮೂರು ಗೇಮ್ ಆಡಿಸಿ. ಒಬ್ಬ ಮಗು ಪ್ರತಿ ಸರ್ವ್‌ಗೂ ಸ್ಕೋರ್ ಮತ್ತು ಕಡೆ ಬರೆಯುತ್ತಾ ಹೋಗಲಿ. ಆಮೇಲೆ ಆ ಪಟ್ಟಿಯನ್ನು ಬೋರ್ಡಿನ ಮೇಲೆ ಹಾಕಿ, "ಎಂತ ಕಾಣ್ತದೆ?" ಎಂದು ಕೇಳಿ.

ಒಂದು ನಾಲ್ಕನೇ ತರಗತಿಯಲ್ಲಿ ನಡೆದ ಮಾತು ಹೀಗಿತ್ತು. ಸ್ಕೋರ್ 30-15. ಸರ್ವ್ ಮಾಡುವ ಹುಡುಗ ಬಲಗಡೆ ಹೋಗಿ ನಿಂತಿದ್ದ. ಅಂಪೈರ್ ಕುರ್ಚಿಯಲ್ಲಿದ್ದ ಹುಡುಗಿ ಬೆರಳು ಮಡಚಿದಳು.

"ಎಡಕ್ಕೆ ಹೋಗು ಮಾರಾಯ."

"ಎಂತಕ್ಕೆ?"

"ಮೂವತ್ತು ಅಂದ್ರೆ ಎರಡು, ಹದಿನೈದು ಅಂದ್ರೆ ಒಂದು. ಮೂರು ಆಯ್ತಲ್ಲ."

ಅವನು ತಾನೂ ಬೆರಳು ಮಡಚಿ ನೋಡಿ ಎಡಕ್ಕೆ ಹೋದ. ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. 30ನ್ನು 2ಕ್ಕೆ, 15ನ್ನು 1ಕ್ಕೆ ಬದಲಿಸಿ, ಕೂಡಿ, ಸಮವೋ ಬೆಸವೋ ನೋಡಿ, ಕಾಲು ಎತ್ತಿಡುವುದು ಎಂದರೆ ನಾಲ್ಕು ಹೆಜ್ಜೆಯ ಲೆಕ್ಕ. ಪುಸ್ತಕದಲ್ಲಿ ಕೊಟ್ಟಿದ್ದರೆ ಇದೇ ಮಕ್ಕಳು ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದರು.

ಇಲ್ಲಿಂದ ಇನ್ನೊಂದು ಹೆಜ್ಜೆ ಇದೆ. ಡ್ಯೂಸ್ ಆದಾಗಲೆಲ್ಲ ಸರ್ವ್ ಬಲಗಡೆಯಿಂದಲೇ ಬರುತ್ತದೆ, ಎಷ್ಟು ಸಲ ಡ್ಯೂಸ್ ಆದರೂ ಅಷ್ಟೇ. ಅಡ್ವಾಂಟೇಜ್ ಆದಾಗ ಯಾವಾಗಲೂ ಎಡ. ಯಾಕೆ? ಡ್ಯೂಸ್ ಎಂದರೆ ಇಬ್ಬರದೂ ಸಮ. 3 ಮತ್ತು 3, 4 ಮತ್ತು 4, 5 ಮತ್ತು 5. ಒಂದೇ ಸಂಖ್ಯೆಯನ್ನು ಎರಡು ಸಲ ಕೂಡಿದರೆ ಉತ್ತರ ಸಮಸಂಖ್ಯೆಯೇ. ಅದಕ್ಕೆ ಒಂದು ಸೇರಿದರೆ ಬೆಸ. ಹತ್ತು ವರ್ಷದ ಮಗು ಇದನ್ನು ತನ್ನ ಮಾತಿನಲ್ಲಿ ಹೇಳಿದರೆ, ಅದು ಸಾಧಿಸಿ ತೋರಿಸಿದ ಗಣಿತ. ಆ ಮಾತನ್ನು ಹಾಗೆಯೇ ಬೋರ್ಡಿನ ಮೇಲೆ ಬರೆದಿಡಿ.

ಹಲವು ಗೇಮ್ ಸೇರಿದರೆ ಒಂದು ಸೆಟ್. ಸೆಟ್ ಸಮಸಮ ಆದಾಗ ತೀರ್ಮಾನಕ್ಕೆ ಆಡುವ ಗೇಮ್ ಟೈಬ್ರೇಕ್. ಅದನ್ನು ಆಡಿಸಿದರೆ ಅಪವರ್ತ್ಯಗಳೂ ಬರುತ್ತವೆ. ಇಲ್ಲಿ ಸ್ಕೋರ್ 1, 2, 3 ಎಂದೇ ನಡೆಯುತ್ತದೆ. 7 ಪಾಯಿಂಟ್ ಮುಟ್ಟಿ, ಎರಡು ಮುಂದಿದ್ದವರು ಗೆಲ್ಲುತ್ತಾರೆ. ಮೊದಲನೆಯವರು ಒಂದು ಸರ್ವ್, ಆಮೇಲೆ ಎರಡೆರಡರಂತೆ ಬದಲು. ಮೊತ್ತ 1, 3, 5, 7 ಆದಾಗ ಸರ್ವ್ ಕೈ ಬದಲಾಗುತ್ತದೆ. ಮೊತ್ತ 6, 12, 18 ಆದಾಗ ಇಬ್ಬರೂ ಕಡೆ ಬದಲಿಸಬೇಕು. ಸ್ಕೋರ್ 4-2 ಆದ ಕೂಡಲೇ ಮಕ್ಕಳು ತಾವಾಗಿ ಆಚೆಗೆ ನಡೆದರೆ ಆರರ ಮಗ್ಗಿ ಬಂದಿದೆ ಎಂದು ತಿಳಿಯಿರಿ. ಶಾಲೆಯ ಪಿರಿಯಡ್ಡಿಗೆ ಇಡೀ ಸೆಟ್ಟಿಗಿಂತ ಟೈಬ್ರೇಕ್ ಒಳ್ಳೆಯದು, ಬೇಗ ಮುಗಿಯುತ್ತದೆ.

ಹಂತ 6: ಬಾಲ್ ಎಷ್ಟು ಪುಟಿಯುತ್ತದೆ?

ಗೋಡೆಗೆ ಸೆಂಟಿಮೀಟರ್ ಬರೆದ ಉದ್ದದ ಕಾಗದದ ಪಟ್ಟಿ ಅಂಟಿಸಿ. 1 ಮೀಟರ್ ಎತ್ತರದಿಂದ ಬಾಲ್ ಬಿಡಿ. ಎಸೆಯಬಾರದು, ಸುಮ್ನೆ ಬಿಡಬೇಕು. ನೋಡುವ ಮಗು ಬಾಲ್ ಏಳುವ ಎತ್ತರಕ್ಕೆ ಕಣ್ಣು ಬರುವಂತೆ ಕೂತಿರಬೇಕು, ನಿಂತು ನೋಡಿದರೆ ಅಳತೆ ತಪ್ಪುತ್ತದೆ. ಒಂದೊಂದು ಬಾಲನ್ನು ಮೂರು ಸಲ ಬಿಟ್ಟು ಸರಾಸರಿ ತೆಗೆಯಲಿ. ಹೊಸದು, ಕ್ರಿಕೆಟ್ ಆಡಿ ಸವೆದದ್ದು, ನೀರಿನಲ್ಲಿ ನೆನೆಸಿದ್ದು, ಸ್ಪಂಜಿನದು, ಹೀಗೆ ನಾಲ್ಕು ಬಗೆ. ಸಿಮೆಂಟು ಜಗಲಿಯಲ್ಲಿ ಒಮ್ಮೆ, ಮಣ್ಣಿನ ಅಂಗಳದಲ್ಲಿ ಒಮ್ಮೆ. ಬಂದದ್ದನ್ನೆಲ್ಲ ಕೋಷ್ಟಕ ಮಾಡಿ ಸ್ತಂಭಾಲೇಖ ಬಿಡಿಸಲಿ.

ಆಮೇಲೆ ನಿಯಮ ಹೇಳಿ: ಸ್ಪರ್ಧೆಯ ಮಾಮೂಲಿ ಬಾಲನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್‌ವರೆಗೆ ಏಳಬೇಕು. 254ರ ಅರ್ಧ 127. ಅಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ನಾಲ್ಕು ಬಾಲ್‌ಗಳಲ್ಲಿ ಯಾವುದು ಪಾಸು, ಯಾವುದು ಫೇಲು? ಈ ತೀರ್ಮಾನವಾದ ಮೇಲೆ ಯಾವ ಬಾಲ್ ಯಾವ ತರಗತಿಗೆ ಎನ್ನುವುದನ್ನು ಮಕ್ಕಳೇ ಹಂಚಲಿ. ತೂಕವೂ ಬೇಕಿದ್ದರೆ, ಒಂದು ಬಾಲ್ 56ರಿಂದ 59.4 ಗ್ರಾಂ. ಒಂದು ಕಿಲೋಗೆ ಎಷ್ಟು ಬಾಲ್ ತೂಗಬಹುದು ಎಂದು ಮೊದಲು ಅಂದಾಜು ಮಾಡಿ, ಆಮೇಲೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ನೋಡಿ ಬರಲಿ.

ಹಂತ 7: ಪಿರಿಯಡ್ ಹಂಚಿಕೆ

24 ಮಕ್ಕಳಿಗೆ ಒಂದೇ ಅಂಕಣ ಇದ್ದರೆ 20 ಮಕ್ಕಳು ನಿಂತು ನೋಡಬೇಕಾಗುತ್ತದೆ. ನಿಂತು ನೋಡುವ ಮಗು ಕಲಿಯುವುದಿಲ್ಲ, ಗಲಾಟೆ ಮಾಡುತ್ತದೆ. ಆರಾರು ಮಕ್ಕಳ ನಾಲ್ಕು ಗುಂಪು ಮಾಡಿ. ಒಂದು ಗುಂಪು ಅಂಕಣದಲ್ಲಿ, ನಾಲ್ವರು ಆಡುತ್ತಾರೆ, ಒಬ್ಬರು ಅಂಪೈರ್, ಒಬ್ಬರು ಬರೆಯುವವರು. ಎರಡನೆಯದು ಗೋಡೆಗೆ ಹೊಡೆದು ಮಗ್ಗಿ ರ‍್ಯಾಲಿ ಆಡಲಿ. ಮೂರನೆಯದು ಪುಟಿತ ಅಳೆಯಲಿ. ನಾಲ್ಕನೆಯದು ನೆರಳಿನಲ್ಲಿ ಕೂತು ಹಿಂದಿನ ಸಲದ ಸ್ಕೋರ್ ಚೀಟಿಗಳನ್ನು ಕೂಡಿ ಪಟ್ಟಿ ಮಾಡಲಿ. ಆರು ಆರು ನಿಮಿಷಕ್ಕೆ ಬದಲಾದರೆ 24 ನಿಮಿಷಕ್ಕೆ ಎಲ್ಲರಿಗೂ ಎಲ್ಲ ಕೆಲಸ ಸಿಗುತ್ತದೆ. 40 ನಿಮಿಷದಲ್ಲಿ ಉಳಿದ ಹೊತ್ತು ನೋಟ್ ಪುಸ್ತಕಕ್ಕೆ. ಇದನ್ನು ಬಿಡಬೇಡಿ. ಅಂಗಳದಲ್ಲಿ ಬಂದ ಲೆಕ್ಕ ಅದೇ ದಿನ ಪುಸ್ತಕಕ್ಕೆ ಇಳಿಯದಿದ್ದರೆ ಪರೀಕ್ಷೆಯ ದಿನ ಮಗು ಎರಡನ್ನೂ ಜೋಡಿಸಲಾರದು.

ಕರಾವಳಿಯ ಸೆಕೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ. ಬೆಳಗಿನ ಮೊದಲ ಪಿರಿಯಡ್ ಅಥವಾ ಸಂಜೆಯ ಕೊನೆಯದು ಕೇಳಿ ಪಡೆಯಿರಿ. ಬಿಸಿಯೂಟ ಆದ ಕೂಡಲೇ ಓಡಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಆಸೆ ಬಿಡಿ. ಜಗಲಿಯಲ್ಲಿ ಬೆಂಚು ಅಡ್ಡ ಇಟ್ಟು, ಕಾಲುಚೀಲದಲ್ಲಿ ಬಟ್ಟೆ ತುಂಬಿದ ಬಾಲನ್ನು ಕೈಯಿಂದಲೇ ಆಚೆ ಈಚೆ ತಳ್ಳಿ ಟೈಬ್ರೇಕ್ ಆಡಬಹುದು. ಪುಟಿತದ ಪ್ರಯೋಗಕ್ಕೂ ಮಳೆಗಾಲವೇ ಸರಿಯಾದ ಸಮಯ.

ಯಾರನ್ನು ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದರ ಮೇಲೆ ಗಮನ ಇರಲಿ. ಓಡಲು ಆಗದ ಮಗುವನ್ನು ಪ್ರತಿ ಸಲ ಬರೆಯಲು ಕೂರಿಸುವುದು, ಲೆಕ್ಕ ಬಾರದ ಮಗುವನ್ನು ಬಾಲ್ ಹೆಕ್ಕಲು ಕಳಿಸುವುದು ಎರಡೂ ತಪ್ಪು. ಎಲ್ಲರೂ ಎಲ್ಲ ಕೆಲಸ ಮಾಡಬೇಕು. ತಪ್ಪು ಸ್ಕೋರ್ ಹೇಳಿದ್ದಕ್ಕೆ ಮೈದಾನ ಸುತ್ತು ಓಡಿಸುವ ಶಿಕ್ಷೆಯನ್ನಂತೂ ದಯವಿಟ್ಟು ಕೊಡಬೇಡಿ. ಒಂದೇ ಏಟಿಗೆ ಲೆಕ್ಕವೂ ಬೇಡ, ಓಟವೂ ಬೇಡ ಎಂದಾಗುತ್ತದೆ.

ಹಂತ 8: ಐದನೇ ತರಗತಿಗೆ ಎರಡು ನಿಜವಾದ ಲೆಕ್ಕ

ಕೊಡಗಿನ ಮನೆತನದ ರೋಹನ್ ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು 2024ರ ಜನವರಿ 27ರಂದು. ಆಗ ಅವರ ವಯಸ್ಸೆಷ್ಟು? ಬರೀ ಇಸವಿ ಕಳೆದ ಮಕ್ಕಳು 44 ಎನ್ನುತ್ತಾರೆ. ತಿಂಗಳನ್ನೂ ನೋಡಿದವರು 43 ಎನ್ನುತ್ತಾರೆ. ಎರಡನೆಯದೇ ಸರಿ, ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರಲಿಲ್ಲ.

ಇನ್ನೊಂದು 2010ರ ವಿಂಬಲ್ಡನ್ ಪಂದ್ಯ. ಅಮೆರಿಕದ ಜಾನ್ ಇಸ್ನರ್, ಫ್ರಾನ್ಸಿನ ನಿಕೊಲಾ ಮಾಹುಟ್ ಮೂರು ದಿನ ಆಡಿದರು. ಐದು ಸೆಟ್ಟುಗಳಲ್ಲಿ ಗೆದ್ದ ಗೇಮುಗಳ ಸ್ಕೋರ್ 6-4, 3-6, 6-7, 7-6, 70-68. ಇದನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಿರಿ. ಒಟ್ಟು ಎಷ್ಟು ಗೇಮ್? 183. ಇಸ್ನರ್ ಗೆದ್ದದ್ದು 92, ಮಾಹುಟ್ 91. ಪಂದ್ಯ ನಡೆದದ್ದು 11 ಗಂಟೆ 5 ನಿಮಿಷ, ನಿಮಿಷ ಮಾಡಿದರೆ 665. ಒಂದು ಗೇಮಿಗೆ ಸುಮಾರು ಮೂರೂವರೆ ನಿಮಿಷ. ಪಾಯಿಂಟ್ ಲೆಕ್ಕ ಹಾಕಿದರೆ ಸೋತ ಮಾಹುಟ್ 502, ಗೆದ್ದ ಇಸ್ನರ್ 478. ಜಾಸ್ತಿ ಪಾಯಿಂಟ್ ಗಳಿಸಿದವರು ಸೋಲುವುದು ಹೇಗೆ? ಮಕ್ಕಳು ತಮ್ಮ ಹಳೇ ಸ್ಕೋರ್ ಚೀಟಿಗಳನ್ನು ತೆಗೆದು ಹಾಗೆ ಆದದ್ದು ಇದೆಯಾ ಎಂದು ಹುಡುಕಲಿ.

ಹಂತ 9: ಕಲಿತಿದ್ದಾರಾ ಎಂದು ನೋಡುವುದು

ಬೇರೆ ಪರೀಕ್ಷೆ ಬೇಡ. ಪ್ರತಿ ಮಗುವೂ ಒಂದು ಟೈಬ್ರೇಕಿಗೆ ಅಂಪೈರ್ ಆಗಲಿ. ಸ್ಕೋರ್ ಗಟ್ಟಿಯಾಗಿ ಹೇಳಬೇಕು, ಯಾರ ಸರ್ವ್, ಯಾವ ಕಡೆ, ಯಾವಾಗ ಕಡೆ ಬದಲು ಎನ್ನುವುದನ್ನು ಕೈ ತೋರಿಸಿ ಹೇಳಬೇಕು. ಆಮೇಲೆ ನೀವೇ ಬರೆದ ಒಂದು ಸ್ಕೋರ್ ಚೀಟಿ ಕೊಡಿ, ಅದರಲ್ಲಿ ಒಂದು ಸಾಲು ತಪ್ಪಿರಲಿ. ಉದಾಹರಣೆಗೆ, "40-15, ಸರ್ವ್ ಎಡದಿಂದ". ಮಗು ತಪ್ಪನ್ನು ಹುಡುಕಿ, ಯಾಕೆ ತಪ್ಪು ಎಂದು ಒಂದು ವಾಕ್ಯ ಬರೆಯಬೇಕು. ಮೂರು ಮತ್ತು ಒಂದು ನಾಲ್ಕು, ಸಮ, ಬಲದಿಂದ ಬರಬೇಕಿತ್ತು ಎಂದಿದ್ದರೆ ಆ ಚೀಟಿ ನೇರ ಮಗುವಿನ ಕೃತಿ ಸಂಪುಟಕ್ಕೆ. ಬರೆಯಲಾಗದೆ ಉಳಿದವರನ್ನು ಮರುದಿನ ಹುಣಸೆ ಬೀಜದ ಡಬ್ಬಿ ಸಹಿತ ಅಂಕಣದ ಪಕ್ಕ ಕೂರಿಸಿಕೊಂಡು, ಒಂದೊಂದು ಪಾಯಿಂಟಿಗೂ ಬೀಜ ಇಡಿಸುತ್ತಾ ಇನ್ನೊಂದು ಗೇಮ್ ಆಡಿಸಿ.